ಕಡಲ ನೀರನ್ನು ಓದುವ ವಿದ್ಯೆ

ವಿಜಯಪುರವೆಂದೊಡನೆ ವಾಚಕರು ಗೋಳಗುಮ್ಮಟವನ್ನು ನೆನೆಯಬೇಕಾಗಿಲ್ಲ. ನಾವು ಹೇಳಹೊರಟಿರುವುದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮಾತು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಅದು. ಅಲ್ಲಿಂದ ಕಡಲು ಬಹುದೂರ. ಆದರೂ ಕಣ್ಣಿಗೆ ಕಾಣದ ಜೀವಿಯ ಪ್ರತಾಪವೇನೆಂಬುದನ್ನು ಆ ಸೀಮೆಯ ಜನಕ್ಕೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಗಂಟುರೋಗ ಹೊಕ್ಕಿತೆಂದರೆ ಹುಳುಮನೆಗೆ ಹುಳುಮನೆಯೇ ಬರಿದಾಗುತ್ತದೆ.

ಇದೇ ರೋಗ ಫ್ರಾನ್ಸಿನ ರೇಷ್ಮೆ ಕಸುಬನ್ನು ನೆಲಕಚ್ಚಿಸಿದ್ದಾಗ, 1865ರಲ್ಲಿ ಲೂಯಿ ಪಾಸ್ತರನು ಅದರ ಪರಿಶೋಧನೆಗೆ ತೊಡಗಿದನು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಬಳಕೆಗೆ ತಂದವನು ಅವನೇ. ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವುದು, ಕಾಣದಿದ್ದರೆ ಸಾಕುವುದು. ಬಿತ್ತನೆ ಮೊಟ್ಟೆ ತಯಾರಿಸುವಲ್ಲಿ ಈ ಪರೀಕ್ಷೆ ಇಂದಿಗೂ ನಡೆಯುತ್ತದೆ.

ಇಲ್ಲಿ ನೋಡಿದರೆ ಗುರುತು ಸಿಕ್ಕುತ್ತದೆ. ಕಡಲಿನ ವಿಷಯ ಹಾಗಲ್ಲ. ಕಡಲ ಮೇಲ್ಪದರದ ನೀರನ್ನು ಒಂದು ಚಹಾ ಚಮಚದಷ್ಟು ತೆಗೆದುಕೊಂಡರೆ ಅದರಲ್ಲಿ ಹೆಚ್ಚುಕಡಿಮೆ 50 ಲಕ್ಷ ಬ್ಯಾಕ್ಟೀರಿಯಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಬರಿಯ ಚುಕ್ಕೆಗಳು. ಒಂದಕ್ಕೂ ಇನ್ನೊಂದಕ್ಕೂ ಭೇದ ತಿಳಿಯದು. ಪ್ರಯೋಗಶಾಲೆಯ ತಟ್ಟೆಯಲ್ಲಿ ಆಹಾರವಿಟ್ಟು ಬೆಳೆಸೋಣವೆಂದರೆ ನೂರರಲ್ಲಿ ಒಂದೂ ಬೆಳೆಯದು. ಭೂಮಿಯ ಮೇಲೆ ಸೂರ್ಯನ ಬೆಳಕಿನಿಂದ ಅನ್ನ ಸಿದ್ಧಪಡಿಸಿ ಆಮ್ಲಜನಕವನ್ನು ಬಿಡುವ ಕೆಲಸದಲ್ಲಿ ಸುಮಾರು ಅರ್ಧ ಪಾಲು ಕಡಲಿನದು. ಆ ಕೆಲಸವನ್ನು ಬಹುಮಟ್ಟಿಗೆ ಮಾಡುವವರು ಇಂಥ ಅಣುಜೀವಿಗಳೇ. ಅವರ ಹೆಸರು ಕೂಡ ನಮಗೆ ತಿಳಿದಿರಲಿಲ್ಲ!

ಕೊನೆಗೆ ವಿಜ್ಞಾನಿಗಳು ಬೇರೊಂದು ದಾರಿ ಹಿಡಿದರು. ಮುಖ ನೋಡಿ ಗುರುತಿಸಲಾಗದವನನ್ನು ಅವನ ಕೈಬರಹದಿಂದ ಗುರುತಿಸುವ ದಾರಿ ಅದು. ಪ್ರತಿಯೊಂದು ಜೀವಿಯ ಒಡಲಲ್ಲಿಯೂ ಡಿ.ಎನ್.ಎ. ಎಂಬ ಎಳೆಯಿದೆ. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಅದರ ವಂಶದ ಬರಹವೆಲ್ಲ ಅಲ್ಲಿ ಅಡಗಿದೆ. ಕಡಲ ನೀರನ್ನು ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿನಷ್ಟು ಕಿರಿದಾದ ರಂಧ್ರಗಳುಳ್ಳ ಹಾಳೆಯಲ್ಲಿ ಸೋಸುತ್ತಾರೆ. ಉಳಿದ ಜೀವಿಗಳನ್ನು ಒಡೆದು ಈ ಎಳೆಗಳನ್ನು ತೆಗೆದು, ತುಂಡುತುಂಡಾಗಿ ಯಂತ್ರದಿಂದ ಓದಿಸುತ್ತಾರೆ. ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಬೆಂದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುತ್ತಾರಷ್ಟೆ? ಇಲ್ಲಿ ಕೆಲಸ ತಿರುಗುಮುರುಗು: ಕಲೆತುಹೋದ ಲಕ್ಷಾಂತರ ತುಂಡುಗಳಲ್ಲಿ ಯಾವುದು ಯಾವ ಗೂಡಿನದೆಂದು ಕಂಪ್ಯೂಟರು ಹೊಂದಿಸಿ ನೋಡಬೇಕು.

ಫಲವೇನಾಯಿತು? ಅಟ್ಲಾಂಟಿಕಿನ ಸಾರ್ಗಾಸೋ ಸಮುದ್ರದ ನೀರಿನಲ್ಲಿ ಅಮೆರಿಕದ ಸ್ಟೀಫನ್ ಜಿಯೊವನ್ನೋನಿ ಮತ್ತು ಸಂಗಡಿಗರು 1990ರಲ್ಲಿ ಹೀಗೆಯೇ ಒಂದು ಬ್ಯಾಕ್ಟೀರಿಯ ಕುಲವನ್ನು ಕಂಡುಹಿಡಿದರು. ಸಾರ್-11 ಎಂಬ ಈ ಕುಲವೇ ಕಡಲಿನಲ್ಲಿ ಅತಿ ಹೆಚ್ಚಾಗಿರುವವುಗಳಲ್ಲಿ ಒಂದೆಂದು ಆಮೇಲೆ ತಿಳಿಯಿತು. ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು 2002ರವರೆಗೆ ಕಾಯಬೇಕಾಯಿತು. ಅದೇ ಸಮುದ್ರದ ನೀರಿನಿಂದ ಕ್ರೇಗ್ ವೆಂಟರ್ ತಂಡದವರು 2004ರಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಹೊಸ ವಂಶವಾಹಿಗಳನ್ನು ಪ್ರಕಟಿಸಿದರು.

ಇದೆಲ್ಲ ದೂರದ ಕಡಲಿನ ಕಥೆಯೆಂದು ವಾಚಕರು ಪುಟ ಮಗುಚದಿರಲಿ. ನಮ್ಮ ಅರಬ್ಬಿ ಸಮುದ್ರದ ಒಡಲಿನಲ್ಲಿ, ಸುಮಾರು 150 ಮೀಟರಿನಿಂದ 1000 ಮೀಟರು ಆಳದವರೆಗೆ, ಆಮ್ಲಜನಕ ತೀರಾ ವಿರಳವಾದ ವಿಶಾಲ ಪದರವೊಂದಿದೆ. ಅಲ್ಲಿನ ಕೆಲವು ಬ್ಯಾಕ್ಟೀರಿಯಗಳು ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಡಿ ಸಾರಜನಕವನ್ನು ಬಿಡುತ್ತವೆ. ಜತೆಗೆ ಭೂಮಿಯ ಕಾವನ್ನು ಹೆಚ್ಚಿಸುವ ನೈಟ್ರಸ್ ಆಕ್ಸೈಡನ್ನೂ ಬಿಡುತ್ತವೆ. ಮಳೆಗಾಲದಲ್ಲಿಯೂ ಅದರ ಬೆನ್ನಿಗೂ ಆಮ್ಲಜನಕ ಕಡಿಮೆಯಾದ ನೀರು ಪಶ್ಚಿಮ ಕರಾವಳಿಯ ದಂಡೆಯ ಸಮೀಪಕ್ಕೂ ಏರಿಬರುತ್ತದೆ. ಆಗ ತಳದ ಮೀನು ಅಲ್ಲಿ ನಿಲ್ಲದೆ ಬೇರೆಡೆಗೆ ಸರಿಯುತ್ತದೆ. ಮೀನನ್ನೇ ನಂಬಿದ ಕಾರವಾರ, ಮಲ್ಪೆಗಳ ಮನೆಗಳಿಗೆ ಇದು ಅನ್ನದ ಪ್ರಶ್ನೆ.

ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು 2021ರ ಮಾರ್ಚಿಯಲ್ಲಿ ‘ಸಿಂಧು ಸಾಧನಾ’ ಹಡಗನ್ನೇರಿ ವಿಶಾಖಪಟ್ಟಣದಿಂದ ಹೊರಟದ್ದು, ಹಿಂದೂ ಮಹಾಸಾಗರದ ನೀರನ್ನು ಹಲವು ಆಳಗಳಿಂದ ಮೊಗೆದು ಈ ಬಗೆಯ ಓದಿಗೆ ಒದಗಿಸುವುದಕ್ಕಾಗಿಯೇ. ಕಡಲು ಕಾವೇರುತ್ತಿರುವ ಈ ದಿನಗಳಲ್ಲಿ ಅದರ ಜೀವಿಗಳ ಲೆಕ್ಕವನ್ನು ಇಂದು ಬರೆದಿಡದಿದ್ದರೆ, ನಾಳೆ ಕಳೆದುಹೋದದ್ದೇನೆಂದು ಕೇಳಲು ಕೂಡ ನಮಗೆ ದಾರಿಯಿರದು.

ಆದರೆ ಅಕ್ಷರ ಓದಿದ ಮಾತ್ರಕ್ಕೆ ಅರ್ಥವಾದೀತೆ? ಹೀಗೆ ಸಿಕ್ಕಿದ ವಂಶವಾಹಿಗಳಲ್ಲಿ ಎಷ್ಟೋ ಏನು ಕೆಲಸ ಮಾಡುತ್ತವೆಂಬುದು ಇನ್ನೂ ಗೊತ್ತಿಲ್ಲ. ಒಂದು ಜೀವಿಗೆ ಏನು ಮಾಡುವ ಶಕ್ತಿಯಿದೆಯೆಂಬುದನ್ನು ಬರಹ ಹೇಳೀತು. ಅದು ಈಗ ಅದನ್ನೇ ಮಾಡುತ್ತಿದೆಯೇ ಎಂಬುದನ್ನು ಹೇಳದು. ಅದಕ್ಕೆ ಜೀವಿಯನ್ನೇ ಸಾಕಿ ನೋಡಬೇಕು, ಕಡಲಿಗೆ ಮತ್ತೆ ಮತ್ತೆ ಹೋಗಬೇಕು.

ರೇಷ್ಮೆ ಸಾಕುವವರಿಗೆ ಈ ತಾಳ್ಮೆ ಹೊಸದಲ್ಲ. ಪಾಸ್ತರನೂ ಸೂಕ್ಷ್ಮದರ್ಶಕದ ಮುಂದೆ ಒಂದೇ ದಿನ ಕುಳಿತು ಎದ್ದವನಲ್ಲ; ವರ್ಷಗಟ್ಟಲೆ ಹುಳುಗಳ ನಡುವೆ ದುಡಿದವನು. ಅವನು ಉಳಿಸಿದ್ದು ಒಂದು ಕಸುಬನ್ನು. ಇಂದು ಕಡಲ ನೀರಿನ ಮುಂದೆ ಕುಳಿತವರು ಅರಿಯಹೊರಟಿರುವುದು ನಮ್ಮೆಲ್ಲರ ಉಸಿರಿನ ಮೂಲವನ್ನು.