ಪಾಳಿ ಮುಗಿಯುವ ಹೊತ್ತಿಗೆ ಆಸ್ಪತ್ರೆ ಬಂದ್

ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ವಲಸೆ ಕಾರ್ಮಿಕನಿಗೆ ಜ್ವರ ಬಂದರೆ ಮೊದಲು ನೆನಪಾಗುವುದು ಮೆಡಿಕಲ್ ಶಾಪ್. ಬಿಹಾರದವನಿರಲಿ, ಒಡಿಶಾದವನಿರಲಿ, ನಮ್ಮದೇ ಯಾದಗಿರಿಯವನಿರಲಿ, ದಾರಿ ಹೆಚ್ಚುಕಡಿಮೆ ಒಂದೇ. ಅಂಗಡಿಯವನು ಎರಡು ದಿನಕ್ಕಾಗುವಷ್ಟು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಕಡಿಮೆಯಾಗದಿದ್ದರೆ ಬೀದಿ ಮೂಲೆಯ ಕ್ಲಿನಿಕ್ಕು, ಒಂದು ಇಂಜೆಕ್ಷನ್ನು. ಅದಕ್ಕೂ ಬಗ್ಗದಿದ್ದರೆ ಊರಿನ ರೈಲು. ಕ್ಷಯದಂಥ ರೋಗಕ್ಕೆ ಕನಿಷ್ಠ ಆರು ತಿಂಗಳು ಬಿಡದೆ ಔಷಧಿ ನುಂಗಬೇಕು. ಹೀಗೆ ಊರೂರು ಅಲೆಯುವವನಿಗೆ ಅದು ನಡುವೆಯೇ ತಪ್ಪಿಹೋಗುವ ಅಪಾಯ ಹೆಚ್ಚು.

ಇದನ್ನು ಅಜ್ಞಾನ ಎಂದು ತಳ್ಳಿಹಾಕುವವರು ಅವನ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಸಿಗುವ ಹೊತ್ತಿಗೆ ಅವನು ಯಂತ್ರದ ಮುಂದೆ ನಿಂತಿರುತ್ತಾನೆ. ಚಿಕಿತ್ಸೆ ಉಚಿತವೇ, ಆದರೆ ಸರದಿಯಲ್ಲಿ ನಿಂತ ದಿನದ ಕೂಲಿ ಕಟ್.

ಹಾಗಂತ ವ್ಯವಸ್ಥೆಯೇ ಇಲ್ಲವೆಂದಲ್ಲ. 1948ರ ಕಾಯ್ದೆಯಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇದೆ. 2017ರಲ್ಲಿ ಅದರ ಸಂಬಳದ ಮಿತಿ 21,000 ರೂಪಾಯಿಗೆ ಏರಿತು. ಕಾರ್ಮಿಕನ ಸಂಬಳದಿಂದ ಶೇ 0.75, ಮಾಲೀಕನಿಂದ ಶೇ 3.25 ವಂತಿಗೆ. ಕುಟುಂಬಕ್ಕೂ ಚಿಕಿತ್ಸೆ, ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ಕೂಲಿ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವಿಮೆ ಸಿಗುವುದು ಕಷ್ಟ! ಆದರೆ ಆ ಕೂಲಿ ಕೈಸೇರಲು ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಮೂರು ತಿಂಗಳಿಗೊಬ್ಬ ಗುತ್ತಿಗೆದಾರ ಬದಲಾಗುವ ಕಡೆ, ಹೆಸರೇ ನೋಂದಣಿಯಾಗದ ಕಡೆ, ಇದು ದೂರದ ಮಾತು. ಗುತ್ತಿಗೆದಾರ ಕೈಕೊಟ್ಟರೂ ವಂತಿಗೆ ಕಟ್ಟುವ ಹೊಣೆ ಮುಖ್ಯ ಮಾಲೀಕನದೇ ಎಂಬುದು ಕಾನೂನಿನಲ್ಲಿದೆ. ಅದನ್ನು ಕಾರ್ಮಿಕನಿಗೆ ಹೇಳುವವರು ಯಾರು?

ಆಯುಷ್ಮಾನ್ ಭಾರತ್ ಕಾರ್ಡ್ ಹೊರರಾಜ್ಯದಲ್ಲೂ ನಡೆಯುತ್ತದೆ, ಆಸ್ಪತ್ರೆಗೆ ದಾಖಲಾದರೆ. ದಿನನಿತ್ಯದ ಜ್ವರ, ಕೆಮ್ಮು, ಸೊಂಟನೋವಿಗೆ ಅದರಿಂದ ಉಪಯೋಗವಿಲ್ಲ.

ಮೇಲೆ ಭಾಷೆಯ ತೊಡಕು. ನೋವು ಎಲ್ಲಿ ಎಂಬುದಕ್ಕೆ ಕೈಸನ್ನೆ ಸಾಕು. ಎಷ್ಟು ದಿನದಿಂದ, ಈಗಾಗಲೇ ಯಾವ ಮಾತ್ರೆ ನುಂಗಿದ್ದೀಯ ಎಂಬುದಕ್ಕೆ ಸಾಲದು.

ಕೇರಳದ ಎರ್ನಾಕುಳಂನಲ್ಲಿ ‘ಬಂಧು ಕ್ಲಿನಿಕ್’ ಎಂಬ ಸಂಚಾರಿ ವಾಹನ ವಲಸಿಗರು ಇರುವ ಜಾಗಕ್ಕೇ ವೈದ್ಯರನ್ನು ಕರೆದೊಯ್ಯುತ್ತದೆ. ಪೀಣ್ಯ, ಬೊಮ್ಮಸಂದ್ರ, ಜಿಗಣಿಗಳಿಗೂ ಅಂಥದ್ದೊಂದು ಬೇಕು; ಜೊತೆಗೆ ರಾತ್ರಿ ಒಂಬತ್ತರವರೆಗೆ ತೆರೆದಿರುವ ಸರ್ಕಾರಿ ಕ್ಲಿನಿಕ್ಕು, ಹಿಂದಿ, ಒಡಿಯಾ ಬಲ್ಲ ಒಬ್ಬ ಸಹಾಯಕ. ಇನ್ನು ಕಾರ್ಖಾನೆ ತಪಾಸಣೆಗೆ ಹೋಗುವ ಅಧಿಕಾರಿಗಳು ಗುತ್ತಿಗೆದಾರನ ಕಡತ ನೋಡಿದ್ದೇ ಎದ್ದು ಬರಬಾರದು. ಯಂತ್ರದ ಹತ್ತಿರ ಹೋಗಿ, ನಿನ್ನ ಇಎಸ್‌ಐ ನಂಬರ್ ಎಷ್ಟು ಎಂದು ಕಾರ್ಮಿಕನನ್ನೇ ಕೇಳಲಿ.