ವಿದ್ಯಾರ್ಥಿ ಸಂಘಗಳೂ ಐಕಮತ್ಯವೂ

ಸಂಜೆಯ ಹೊತ್ತು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ನಡೆದು ಹೋಗುವವರಿಗೆ ಕಾಲೇಜು ಬಿಟ್ಟು ಬರುವ ತರುಣ ತರುಣಿಯರ ಪ್ರವಾಹವು ಕಾಣದಿರದು. ಈಚೆಗೆ ಒಂದು ದಿನ ನಾವು ಆ ದಾರಿಯಲ್ಲಿ ಹೋಗುತ್ತಿದ್ದಾಗ ಒಂದೇ ಗೋಡೆಯ ಮೇಲೆ ಮೂರು ವಿದ್ಯಾರ್ಥಿ ಸಂಘಗಳ ಮೂರು ಭಿತ್ತಿಪತ್ರಗಳನ್ನು ಕಂಡೆವು. ಮೂರರಲ್ಲಿಯೂ ಬೇಡಿಕೆ ಒಂದೇ: ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವು ಕಾಲಕ್ಕೆ ಸರಿಯಾಗಿ ಸಲ್ಲಬೇಕು, ವಿದ್ಯಾರ್ಥಿನಿಲಯಗಳಲ್ಲಿ ಅನ್ನವೂ ನೀರೂ ನೆಟ್ಟಗಿರಬೇಕು. ಆದರೆ ಸಭೆಯ ದಿನಗಳು ಮೂರು, ಬಾವುಟಗಳು ಮೂರು. ಸಾಲದುದಕ್ಕೆ ಎರಡನೆಯ ಪತ್ರವನ್ನು ಮೊದಲನೆಯದರ ಅರ್ಧ ಮುಚ್ಚಿಹೋಗುವಂತೆ ಅಂಟಿಸಿದ್ದಿತು. ಮನೆಯೊಂದು ಮೂರು ಬಾಗಿಲು ಎಂಬ ಗಾದೆಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕೆ?

ಇಷ್ಟು ಓದಿದ ಕೂಡಲೆ ವಾಚಕರು, ನಾವು ಇನ್ನು ಐಕಮತ್ಯದ ಉಪದೇಶಕ್ಕೆ ತೊಡಗುವೆವೆಂದು ಎಣಿಸಬಹುದು. ಆ ಉಪದೇಶವನ್ನು ನಮ್ಮ ತರುಣರು ಬೇಕಾದಷ್ಟು ಕೇಳಿದ್ದಾರೆ. ಹಾರ ತುರಾಯಿಗಳ ನಡುವೆ ಕುಳಿತ ಹಿರಿಯರು ಒಗ್ಗಟ್ಟಿನಲ್ಲಿ ಬಲವಿದೆಯೆಂದು ನುಡಿಯದ ಸಭೆ ಯಾವುದು? ಆದರೆ ಯಾರ ಒಗ್ಗಟ್ಟು, ಯಾವುದಕ್ಕಾಗಿ ಒಗ್ಗಟ್ಟು, ಒಗ್ಗಟ್ಟಿನ ಬೆಲೆಯನ್ನು ತೆರತಕ್ಕವರು ಯಾರು, ಎಂಬ ಪ್ರಶ್ನೆಗಳಿಗೆ ಆ ವೇದಿಕೆಗಳಿಂದ ಉತ್ತರ ಬಂದುದನ್ನು ನಾವು ಕಾಣೆವು. ಈ ಲೇಖನದ ಉದ್ದೇಶವು ಆ ಪ್ರಶ್ನೆಗಳನ್ನು ಕೇಳುವುದೇ ಆಗಿದೆ.

ಮೊದಲು ನಮ್ಮ ನಾಡಿನ ವಿದ್ಯಾರ್ಥಿಗಳು ಒಂದಾಗಿ ನಿಂತ ಕಾಲವನ್ನು ನೆನೆಯೋಣ. 1942ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ವಿದ್ಯಾರ್ಥಿಗಳು ತರಗತಿಗಳನ್ನು ತೊರೆದು ಬೀದಿಗೆ ಬಂದರು. ಗಿರಣಿಗಳ ಕೆಲಸಗಾರರೂ ಮುಷ್ಕರ ಹೂಡಿದರು. ಮೈಸೂರು ಬ್ಯಾಂಕಿನ ಚೌಕದಲ್ಲಿ ಗುಂಡು ಹಾರಿ ಪ್ರಾಣಗಳು ಹೋದವು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಎಚ್. ನರಸಿಂಹಯ್ಯನವರು ಓದನ್ನು ನಿಲ್ಲಿಸಿ ಸೆರೆಮನೆಗೆ ಹೋದುದೂ, ಮುಂದೆ ಅವರೇ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದುದೂ ಎಲ್ಲರಿಗೂ ತಿಳಿದ ವಿಷಯ. 1947ರ ಸೆಪ್ಟೆಂಬರಿನ ‘ಮೈಸೂರು ಚಲೋ’ ಚಳವಳಿಯಲ್ಲಿ ರಾಮಸ್ವಾಮಿಯೆಂಬ ವಿದ್ಯಾರ್ಥಿಯು ಮೈಸೂರಿನಲ್ಲಿ ಗುಂಡಿಗೆ ಬಲಿಯಾದನು. ಅಲ್ಲಿಯ ವೃತ್ತವೊಂದು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಆ ವರ್ಷದ ಅಕ್ಟೋಬರಿನಲ್ಲಿಯೇ ಮೈಸೂರು ಸಂಸ್ಥಾನಕ್ಕೆ ಜವಾಬ್ದಾರಿ ಸರಕಾರವು ದೊರೆಯಿತು.

ಆಗ ಭಿನ್ನಾಭಿಪ್ರಾಯಗಳೇ ಇರಲಿಲ್ಲವೆ? ಇದ್ದವು. ಯುದ್ಧದ ಪ್ರಶ್ನೆಯಲ್ಲಿ ಕಮ್ಯೂನಿಸ್ಟರ ಮತವು ಬೇರೆಯಾಗಿದ್ದು ಅವರು 1942ರ ಚಳವಳಿಯಿಂದ ದೂರ ನಿಂತರು. ಹಾಗಿದ್ದೂ ಚಳವಳಿಯು ಬಲಗೊಂಡುದಕ್ಕೆ ಕಾರಣವೇನು? ಬೇಡಿಕೆಯು ಒಂದಾಗಿದ್ದಿತು, ಸ್ಪಷ್ಟವಾಗಿದ್ದಿತು. ಈಡೇರಿತೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ಕಣ್ಣಾರೆ ನೋಡಿ ಹೇಳಬಹುದಾಗಿದ್ದಿತು. ಅದರೊಳಗೆ ಸೇರುವವನು ತನ್ನ ಉಳಿದ ನಂಬಿಕೆಗಳನ್ನು ಬಾಗಿಲಾಚೆ ಬಿಟ್ಟು ಬರಬೇಕಾಗಿರಲಿಲ್ಲ.

ಇನ್ನು ನಾಣ್ಯದ ಮತ್ತೊಂದು ಮುಖ. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ನಾಡಿಗೆಲ್ಲ ಒಂದೇ ಹೆಸರಾದ ಆ ತಿಂಗಳಲ್ಲಿಯೇ ನಾಡಿನ ವಿದ್ಯಾರ್ಥಿವರ್ಗವು ಎರಡಾಗಿ ಸೀಳಿತು. ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬರ್ಥದ ಮಾತನ್ನು ಆಡಿದರು. ಕನ್ನಡಾಭಿಮಾನದ ಹೆಸರಿನಲ್ಲಿ ಚಳವಳಿಯೆದ್ದಿತು. ಹಲವೆಡೆ ಸವರ್ಣ ವಿದ್ಯಾರ್ಥಿಗಳಿಗೂ ದಲಿತ ವಿದ್ಯಾರ್ಥಿಗಳಿಗೂ ಘರ್ಷಣೆಗಳಾದವು. ಸಚಿವರು ಅಧಿಕಾರವನ್ನು ಬಿಡಬೇಕಾಯಿತು. ಕನ್ನಡವನ್ನು ಪ್ರಾಣದಂತೆ ಭಾವಿಸುವ ನಾವು ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ: ಒಂದು ಟೀಕೆಯನ್ನು ತಾಳಲಾರದ ಅಭಿಮಾನವು ಅಭಿಮಾನವಲ್ಲ. ಸಾಹಿತ್ಯದಲ್ಲಿ ತನ್ನವರ ಬಾಳು ಕಾಣಿಸದೆಂದು ಒಬ್ಬನು ನೊಂದು ನುಡಿದರೆ, ಅವನಿಗೆ ಪುಸ್ತಕದಿಂದ ಉತ್ತರ ಕೊಡಬೇಕಲ್ಲದೆ ಕಲ್ಲಿನಿಂದಲ್ಲ.

ಆ ಗಾಯದಿಂದ ಹುಟ್ಟಿದುದೇ ದಲಿತ ಸಂಘರ್ಷ ಸಮಿತಿ. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು ಅದನ್ನು ಕಟ್ಟಿದವರಲ್ಲಿ ಮೊದಲಿಗರು. ಇವರು ಜಾತಿಯ ಮಾತನ್ನೆತ್ತಿ ವಿದ್ಯಾರ್ಥಿಗಳನ್ನು ಒಡೆದರೆಂದು ದೂರುವವರು ಇಂದಿಗೂ ಇದ್ದಾರೆ. ಇದೆಂತಹ ನ್ಯಾಯ! ಗಾಯವಾದವನು ಕೂಗಿದುದರಿಂದ ಮನೆಯ ಶಾಂತಿ ಕೆಟ್ಟಿತೆಂದು ಹೇಳುವವರು, ಗಾಯ ಮಾಡಿದ ಕೈಯ ವಿಚಾರವಾಗಿ ಸುಮ್ಮನಿರುವುದೇಕೆ? ‘ಮೊದಲು ಒಂದಾಗೋಣ, ನಿಮ್ಮ ಪ್ರಶ್ನೆಯನ್ನು ಆಮೇಲೆ ನೋಡೋಣ’ ಎಂಬುದು ಐಕಮತ್ಯದ ಮಾತಲ್ಲ, ವಾಯಿದೆಯ ಮಾತು. ನ್ಯಾಯಾಲಯದ ಬಾಗಿಲಲ್ಲಿ ಕಾಲ ಕಳೆದ ನಮಗೆ ವಾಯಿದೆಯ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ. ದಲಿತನ, ಹೆಣ್ಣುಮಗಳ, ಅಲ್ಪಸಂಖ್ಯಾತನ ಬೇಡಿಕೆಯು ಪಟ್ಟಿಯ ಕೊನೆಗೆ ಬೀಳುವುದಾದರೆ, ಅವರು ಬೇರೆ ಬಾವುಟ ಹಿಡಿದರೆಂದು ದೂಷಿಸುವ ಅಧಿಕಾರವು ನಮಗಿಲ್ಲ.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2022ರ ಫೆಬ್ರುವರಿಯಲ್ಲಿ ಉಡುಪಿಯಿಂದ ಹಬ್ಬಿದ ವಿವಾದದಲ್ಲಿ ಹಿಜಾಬು ಧರಿಸಿದವರೂ ಕೇಸರಿ ಶಾಲು ಹೊದ್ದವರೂ ಕಾಲೇಜಿನ ಅಂಗಳಗಳಲ್ಲಿ ಎದುರುಬದುರಾದರು. ಸರಕಾರವು ಕೆಲವು ದಿನ ಕಾಲೇಜುಗಳನ್ನೇ ಮುಚ್ಚಿತು. ಆ ವರ್ಷದ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರೂ ಭಿನ್ನ ತೀರ್ಪುಗಳನ್ನು ಕೊಟ್ಟರು. ನ್ಯಾಯಾಧೀಶರೇ ಒಮ್ಮತಕ್ಕೆ ಬಾರದ ವಿಷಯದಲ್ಲಿ ತರುಣರು ಒಮ್ಮತಕ್ಕೆ ಬರಲಿಲ್ಲವೆಂದು ನಾವು ಆಕ್ಷೇಪಿಸೆವು. ನಮ್ಮ ಆಕ್ಷೇಪಣೆಯೇ ಬೇರೆ. ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಆ ಮಕ್ಕಳಿಗೆ ಒಂದೇ ಮೇಜಿನ ಸುತ್ತ ಕುಳಿತು ವಾದಿಸುವ ಸ್ಥಳವೆಲ್ಲಿದ್ದಿತು? ಅವರೇ ಆರಿಸಿದ ವಿದ್ಯಾರ್ಥಿ ಸಂಘವು ಯಾವ ಕಾಲೇಜಿನಲ್ಲಿದ್ದಿತು?

ಇಲ್ಲಿಯೇ ರೋಗದ ಬೇರು. 1989ರ ಮಾರ್ಚ್ 28ರಂದು ಸಂವಿಧಾನದ 61ನೆಯ ತಿದ್ದುಪಡಿಯು ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಸುಮಾರು ಅದೇ ಕಾಲಕ್ಕೆ, 1989-90ರಲ್ಲಿ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗಳು ನಿಂತುಹೋದವು. ಹದಿನೆಂಟರ ತರುಣನು ದೇಶದ ಪ್ರಧಾನಿಯನ್ನು ಆರಿಸಬಲ್ಲನಂತೆ, ತನ್ನ ಕಾಲೇಜಿನ ಕಾರ್ಯದರ್ಶಿಯನ್ನು ಆರಿಸಲಾರನಂತೆ! ಚುನಾವಣೆಯಿಂದ ಹೊಡೆದಾಟಗಳಾಗುತ್ತವೆಂಬುದು ಪ್ರತಿಪಕ್ಷದವರ ವಾದ. ಹೊಡೆದಾಟಗಳಾದುದು ಸುಳ್ಳಲ್ಲ. ಅದರ ಮದ್ದಿಗಾಗಿಯೇ ಲಿಂಗ್ಡೋ ಸಮಿತಿಯು ಅಭ್ಯರ್ಥಿಯ ವೆಚ್ಚಕ್ಕೆ 5,000 ರೂಪಾಯಿಗಳ ಮಿತಿಯನ್ನೂ ಇತರ ಕಟ್ಟಳೆಗಳನ್ನೂ ವಿಧಿಸಿತು. 2006ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಿಫಾರಸುಗಳನ್ನು ಜಾರಿಗೆ ತರಬೇಕೆಂದು ಆಜ್ಞಾಪಿಸಿತು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ಯುವ ವೈದ್ಯವನ್ನು ನಾವು ಒಪ್ಪಲಾರೆವು.

ಮೂರು ದಶಕಗಳಿಗೂ ಮೀರಿದ ಈ ವಿರಾಮದ ಫಲವೇನು? ಮತ ಕೇಳುವ ಪ್ರಸಂಗವಿಲ್ಲದ ಸಂಘವು ತನ್ನವರಲ್ಲದವರೊಡನೆ ಮಾತನಾಡುವ ಅಭ್ಯಾಸವನ್ನೇ ಮರೆಯುತ್ತದೆ. ಅದರ ಕಣ್ಣು ಸಹಪಾಠಿಯ ಮೇಲಿರದೆ, ತನಗೆ ಬಾವುಟವನ್ನೂ ಭಿತ್ತಿಪತ್ರದ ಖರ್ಚನ್ನೂ ಒದಗಿಸುವ ಹಿರಿಯರ ಕಚೇರಿಯ ಮೇಲಿರುತ್ತದೆ. ಪರಸ್ಪರ ವೈರವು ಅದಕ್ಕೆ ಬಂಡವಾಳವಾಗುತ್ತದೆ. ಇತ್ತ ವಿದ್ಯಾರ್ಥಿವೇತನವು ತಡವಾದ ಹಳ್ಳಿಯ ಹುಡುಗಿಯು ಶುಲ್ಕ ಕಟ್ಟಲಾರದೆ ಊರಿನ ಬಸ್ಸು ಹತ್ತುತ್ತಾಳೆ. ಅವಳು ಯಾವ ಬಾವುಟದವಳೆಂದು ವಿಚಾರಿಸಿ ಬಡತನವು ಅವಳನ್ನು ಹಿಡಿಯಲಿಲ್ಲ.

ಆದಕಾರಣ ತರುಣ ಮಿತ್ರರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ನಿಮ್ಮ ಸಂಘಗಳನ್ನು ಕರಗಿಸಬೇಡಿರಿ, ಬಾವುಟಗಳನ್ನು ಮಡಿಸಬೇಡಿರಿ. ಎರಡು ಬೇಡಿಕೆಗಳನ್ನು ಮಾತ್ರ ಎಲ್ಲರೂ ಕೂಡಿ ಎತ್ತಿಕೊಳ್ಳಿರಿ: ಕಾಲಕ್ಕೆ ಸಲ್ಲುವ ವಿದ್ಯಾರ್ಥಿವೇತನ, ಕಟ್ಟಳೆಗೊಳಪಟ್ಟ ಚುನಾವಣೆ. ಅದಕ್ಕೊಂದು ಸಂಯುಕ್ತ ಸಮಿತಿಯನ್ನು ಮಾಡಿಕೊಳ್ಳಿರಿ. ಅಲ್ಲಿ ಸಂಘ ದೊಡ್ಡದಾಗಲಿ ಚಿಕ್ಕದಾಗಲಿ ಮತ ಒಂದೇ ಇರಲಿ. ಅಧ್ಯಕ್ಷಸ್ಥಾನವು ಸರದಿಯಂತೆ ಎಲ್ಲರಿಗೂ ಬರಲಿ, ದಲಿತ ವಿದ್ಯಾರ್ಥಿಗಳ ಸಂಘಕ್ಕೂ ವಿದ್ಯಾರ್ಥಿನಿಯರ ಸಂಘಕ್ಕೂ ಮೊದಲು ಬರಲಿ. ಲೆಕ್ಕಪತ್ರವನ್ನು ಎಲ್ಲರೂ ನೋಡುವಂತಿಡಿರಿ. ಯಾವ ರಾಜಕೀಯ ಪಕ್ಷದಿಂದಲೂ ಆ ಸಮಿತಿಗೆ ಕಾಸನ್ನು ತೆಗೆದುಕೊಳ್ಳಬೇಡಿರಿ. ಉಳಿದ ವಿಷಯಗಳಲ್ಲಿ ಮನಸ್ಸಿಗೆ ಬಂದಷ್ಟು ಜಗಳವಾಡಿರಿ. ಕೈ ಮಾತ್ರ ಎತ್ತಬೇಡಿರಿ.

ಇದು ಆಗದ ಮಾತೆನ್ನುವವರಿಗೆ ನಮ್ಮ ನಾಡಿನ ಚರಿತ್ರೆಯೇ ಉತ್ತರ. ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದು ರಾಜ್ಯದವರಾದರು. ಅದಕ್ಕಾಗಿ ಧಾರವಾಡದವನು ತನ್ನ ಮಾತಿನ ಧಾಟಿಯನ್ನು ಬಿಡಲಿಲ್ಲ, ಕೊಡಗಿನವನು ತನ್ನ ಉಡುಪನ್ನು ಬಿಡಲಿಲ್ಲ. ಕಾಸರಗೋಡು ಹೊರಗುಳಿದ ನೋವು ಇಂದಿಗೂ ಮಾಸಿಲ್ಲವಾದರೂ ಕೂಡಿದವರ ಕೂಟವು ಸುಳ್ಳಾಗಲಿಲ್ಲ.

ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯೂ ಮಾರ್ಗೋಸಾ ರಸ್ತೆಯೂ ಪಕ್ಕಪಕ್ಕದಲ್ಲಿಯೇ ಸಾಗುತ್ತವೆ, ಒಂದು ಇನ್ನೊಂದರೊಳಗೆ ಲೀನವಾಗುವುದಿಲ್ಲ. ಆದರೆ ಅಡ್ಡರಸ್ತೆಗಳಿರುವುದರಿಂದ ಇಲ್ಲಿಂದ ಅಲ್ಲಿಗೆ ಹೋಗುವುದು ಕೂಸಿಗೂ ಸುಲಭ. ನಮ್ಮ ವಿದ್ಯಾರ್ಥಿ ಸಂಘಗಳ ನಡುವೆ ಬೇಕಾದುದು ಅಂತಹ ಅಡ್ಡರಸ್ತೆಗಳು. ಮುಂದಿನ ಸಲ ನಾವು ಆ ಗೋಡೆಯ ಮುಂದೆ ನಿಂತಾಗ ಅಲ್ಲಿ ಮೂರು ಹೆಸರುಗಳಿರಲಿ, ದಿನಾಂಕವು ಒಂದಿರಲಿ. ಆ ದಿನ ಸಭೆಯ ಹಿಂದಿನ ಸಾಲಿನಲ್ಲಿ ನಾವೂ ಬಂದು ಕುಳಿತುಕೊಳ್ಳುವೆವು.