ಫಾರಿನ್ ಅಂಗಿಗೆ ಬೆಂಗಳೂರಿನ ಹೊಲಿಗೆ

ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿ ಆರು ತಿಂಗಳು ಇದ್ದು ಬರುವ ತಾಯಂದಿರಿರಲಿ, ರಜೆಯಲ್ಲಿ ದುಬಾಯಿ, ಮಸ್ಕತ್‌ಗಳಿಂದ ಬರುವ ತಮ್ಮಂದಿರಿರಲಿ, ಸೂಟ್‌ಕೇಸ್ ತೆರೆದಾಗ ಮೇಲೆ ಕಾಣುವುದು ಚಾಕಲೇಟ್, ಅದರ ಕೆಳಗೆ ಬಟ್ಟೆ. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇದು ಇಂದು ನಿನ್ನೆಯ ಸಂಗತಿಯಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕೊಲ್ಲಿ ರಾಷ್ಟ್ರಗಳಿಂದ ಬರುತ್ತಿದ್ದ ಜಪಾನಿನ ನೈಲಾನ್ ಸೀರೆಗೆ ಊರಿನ ಮದುವೆ ಮನೆಯಲ್ಲಿ ಸಿಗುತ್ತಿದ್ದ ಮರ್ಯಾದೆ ಹಿರಿಯರಿಗೆ ನೆನಪಿರಬಹುದು. ಆಗ ಅದಕ್ಕೊಂದು ಕಾರಣವೂ ಇತ್ತು. ವಿದೇಶಿ ಉಡುಪುಗಳ ಆಮದಿಗೆ ಕಟ್ಟುನಿಟ್ಟಿನ ನಿರ್ಬಂಧವಿದ್ದುದರಿಂದ ಅಂಥವು ಇಲ್ಲಿನ ಅಂಗಡಿಗಳಲ್ಲಿ ಸಿಗುವುದೇ ಅಪರೂಪವಾಗಿತ್ತು. 2001ರ ಏಪ್ರಿಲ್‌ನಲ್ಲಿ ಬಳಕೆ ವಸ್ತುಗಳ ಆಮದಿನ ಪ್ರಮಾಣ ನಿರ್ಬಂಧ ತೆರವಾಯಿತು. 2010ರಲ್ಲಿ ಝಾರಾ, 2015ರಲ್ಲಿ ಎಚ್ ಆಂಡ್ ಎಂ, 2019ರಲ್ಲಿ ಯುನಿಕ್ಲೋ ಭಾರತಕ್ಕೆ ಬಂದವು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನಲ್ಲಿ ಒಂದು ಕಾಲಕ್ಕೆ ಬಟ್ಟೆಯನ್ನೇ ನೇಯುತ್ತಿದ್ದರು, ಈಗ ಅದೇ ಜಾಗದ ಮಾಲ್‌ನಲ್ಲಿ ವಿದೇಶಿ ಬ್ರಾಂಡುಗಳ ಬಟ್ಟೆ ಮಾರುತ್ತಾರೆ. ಇಷ್ಟಾದರೂ "ಅಲ್ಲಿಯ ಬಟ್ಟೆಯ ಕ್ವಾಲಿಟಿಯೇ ಬೇರೆ" ಎಂಬ ಮಾತು ಮಾತ್ರ ಹಾಗೆಯೇ ಉಳಿದಿದೆ.

ಈ ಮಾತನ್ನು ಫಾರಿನ್ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ಅಲ್ಲಿಂದ ತಂದ ಅಂಗಿ ನಾಲ್ಕು ವರ್ಷ ಒಗೆದರೂ ಕಾಲರ್ ಸುಕ್ಕಾಗದೆ ಉಳಿಯುವುದೂ, ಇಲ್ಲಿ ಕೊಂಡ ಟೀಶರ್ಟಿನ ಪಕ್ಕದ ಹೊಲಿಗೆ ಮೂರನೇ ಒಗೆತಕ್ಕೆ ಹೊಟ್ಟೆಯ ಮೇಲೆ ತಿರುಚಿಕೊಂಡು ಬರುವುದೂ ಅನೇಕರ ಅನುಭವ. ಆದರೆ ಆ ಒಳ್ಳೆಯ ಅಂಗಿಯ ಒಳಗಿನ ಚೀಟಿಯನ್ನು ಒಮ್ಮೆ ತಿರುಗಿಸಿ ನೋಡಬೇಕು. ಬಾಂಗ್ಲಾದೇಶ, ವಿಯೆಟ್ನಾಂ, ಶ್ರೀಲಂಕಾ, ಎಷ್ಟೋ ಸಲ 'ಮೇಡ್ ಇನ್ ಇಂಡಿಯಾ'. ನೂಲು ಯಾವುದು, ತಯಾರಾದ ದೇಶ ಯಾವುದು ಎಂಬುದನ್ನು ಅಮೆರಿಕದ ಕಾನೂನಿನಂತೆ ಚೀಟಿಯಲ್ಲಿ ಹೇಳಲೇಬೇಕು, ಮುಚ್ಚಿಡುವಂತಿಲ್ಲ. ತಿರುಪ್ಪೂರಿನಲ್ಲಿ ಹೆಣೆದ ಟೀಶರ್ಟ್, ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ರಾಮನಗರ, ಮಂಡ್ಯ ಕಡೆಯ ಹೆಣ್ಣುಮಕ್ಕಳು ಹೊಲಿದ ಶರ್ಟ್ ಹಡಗಿನಲ್ಲಿ ಕಡಲು ದಾಟಿ, ವಿಮಾನದಲ್ಲಿ ಮರಳಿ ಡೊಂಬಿವಲಿಯ ಕಪಾಟು ಸೇರುತ್ತದೆ.

ಹಾಗಾದರೆ ಇದೇ ಕೈಗಳು ಇಲ್ಲಿಗಾಗಿ ಹೊಲಿದದ್ದು ಯಾಕೆ ಹಾಗಿರುವುದಿಲ್ಲ? ರಫ್ತು ಮಾಲಿಗೆ ಖರೀದಿದಾರ ಕಂಪೆನಿ ಮೊದಲೇ ಷರತ್ತು ಬರೆದು ಕೊಡುತ್ತದೆ. ಬಟ್ಟೆಯ ತೂಕ ಎಷ್ಟಿರಬೇಕು, ಇಂಚಿಗೆ ಎಷ್ಟು ಹೊಲಿಗೆ ಬೀಳಬೇಕು, ಒಗೆದಾಗ ಎಷ್ಟರವರೆಗೆ ಕುಗ್ಗಬಹುದು, ಬೆವರಿಗೆ ಬಣ್ಣ ಬಿಡುತ್ತದೆಯೇ, ಎಲ್ಲಕ್ಕೂ ಪರೀಕ್ಷೆ ಇದೆ. ಮುರಿದ ಸೂಜಿಯ ಚೂರು ಉಳಿದಿದೆಯೇ ಎಂದು ಮಕ್ಕಳ ಉಡುಪನ್ನು ಯಂತ್ರದಡಿ ಹಾಯಿಸುತ್ತಾರೆ. ಕೊನೆಗೆ ಪೆಟ್ಟಿಗೆಗಳಿಂದ ಕೆಲವನ್ನು ತೆಗೆದು ನೋಡುತ್ತಾರೆ, ದೋಷ ಮಿತಿ ಮೀರಿದರೆ ಇಡೀ ಲಾಟ್ ತಿರಸ್ಕೃತ. ಕಂಪೆನಿಗೆ ಅಷ್ಟು ಹೆದರಿಕೆ ಏಕೆಂದರೆ ಅಲ್ಲಿನ ಗಿರಾಕಿ ಬಿಲ್ಲು ಹಿಡಿದು ಅಂಗಡಿಗೆ ಹಿಂದಿರುಗುತ್ತಾನೆ, ಅಂಗಡಿಯವರು ಹೆಚ್ಚು ಮಾತಿಲ್ಲದೆ ದುಡ್ಡು ವಾಪಸ್ ಕೊಡುತ್ತಾರೆ. ಗುಣಮಟ್ಟ ಹುಟ್ಟುವುದು ಅಲ್ಲಿ, ಆ ಕೌಂಟರಿನ ಮುಂದೆ.

ಇಲ್ಲಿ? "ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ" ಎಂಬ ಬೋರ್ಡನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿರುತ್ತಾರೆ, ಗಿರಾಕಿಯೂ ಅದನ್ನು ಅಷ್ಟೇ ಭಕ್ತಿಯಿಂದ ಒಪ್ಪಿಕೊಳ್ಳುತ್ತಾನೆ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ದೋಷವಿರುವ ಮಾಲನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಹೇಳುತ್ತದೆ. 1915 ಸಂಖ್ಯೆಗೆ ಫೋನ್ ಮಾಡಿ ದೂರು ಕೊಡಬಹುದು. ದಾದರ್‌ನಲ್ಲಿ ಐವತ್ತು ರೂಪಾಯಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡುವವರಲ್ಲಿ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವವರು ಎಷ್ಟು ಮಂದಿ? ಫ್ಯಾಶನ್ ಸ್ಟ್ರೀಟ್‌ನಲ್ಲಂತೂ ಇದನ್ನು ಮರೆಯಲೇಬಾರದು. ಚೀಟಿ ಕತ್ತರಿಸಿದ 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ಅಂಗಿಗಳಲ್ಲಿ ನಿಜಕ್ಕೂ ಹೆಚ್ಚಾಗಿ ಉಳಿದದ್ದೂ ಇರುತ್ತದೆ, ತಪಾಸಣೆಯಲ್ಲಿ ತಿರಸ್ಕೃತವಾದದ್ದೂ ಇರುತ್ತದೆ.

ಅತ್ತ ವಿದೇಶದಲ್ಲಿ ಕೊಂಡದ್ದೆಲ್ಲ ಚಿನ್ನವೂ ಅಲ್ಲ. ಅಮೆರಿಕಕ್ಕೆ ಹೋದವರನ್ನು ಮಕ್ಕಳು ತಪ್ಪದೆ ಕರೆದೊಯ್ಯುವ ಔಟ್‌ಲೆಟ್ ಮಾಲ್‌ಗಳ ವಿಚಾರವನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಮಾರುವ ಎಷ್ಟೋ ಉಡುಪು ಮುಖ್ಯ ಮಳಿಗೆಯಲ್ಲಿ ಉಳಿದದ್ದಲ್ಲ, ಔಟ್‌ಲೆಟ್‌ಗೆಂದೇ ಕಡಿಮೆ ದರ್ಜೆಯಲ್ಲಿ ತಯಾರಿಸಿದ್ದು. ಹಳೆಯ ಬೆಲೆ ಹೊಡೆದುಹಾಕಿ ಹೊಸ ಬೆಲೆ ಬರೆದಿರುವುದು ಗಿರಾಕಿಯನ್ನು ದಾರಿ ತಪ್ಪಿಸುತ್ತದೆ ಎಂದು 2014ರಲ್ಲಿ ಅಲ್ಲಿನ ನಾಲ್ವರು ಸಂಸದರೇ ಫೆಡರಲ್ ಟ್ರೇಡ್ ಕಮಿಷನ್‌ಗೆ ಪತ್ರ ಬರೆದಿದ್ದರು. ಡಾಲರನ್ನು ರೂಪಾಯಿಗೆ ಗುಣಿಸಿ ನೋಡುವ ಹಿರಿಯರ ಅಭ್ಯಾಸವನ್ನು ಮಕ್ಕಳು ನಗೆಯಾಡಬಹುದು, ಆದರೆ ಆ ಲೆಕ್ಕ ತಪ್ಪಲ್ಲ. ಚಳಿಯ ದೇಶದಲ್ಲಿ ಇರಬೇಕಾದವರು ದಪ್ಪ ಜಾಕೆಟ್, ಉಣ್ಣೆಯ ಒಳ ಉಡುಪನ್ನು ಅಲ್ಲಿಯೇ ಕೊಳ್ಳುವುದು ಒಳ್ಳೆಯದು. ಮುಂಬಯಿಯ ಮೇ ತಿಂಗಳಿಗೆ ಪಾಲಿಯೆಸ್ಟರ್ ಅಂಗಿಯನ್ನು ಏಳು ಕಡಲಿನಾಚೆಯಿಂದ ತರುವ ಅಗತ್ಯವಿಲ್ಲ. ಮೇಲಾಗಿ ಆ ರೆಡಿಮೇಡ್‌ಗಳಲ್ಲಿ ಬಿಚ್ಚಿ ಅಗಲಮಾಡಲು ಒಳಗೆ ಮಾರ್ಜಿನ್ ಇರುವುದಿಲ್ಲ, ಪೇಟೆಯ ಟೇಲರ್‌ಗೂ ಏನೂ ಮಾಡಲಾಗುವುದಿಲ್ಲ.

ಅಗ್ಗದ ಬೆಲೆಯನ್ನು ಯಾರೋ ಒಬ್ಬರು ತೆರುತ್ತಿರುತ್ತಾರೆ ಎಂಬುದೂ ಇಲ್ಲಿ ಗಮನಾರ್ಹ. 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಪಶ್ಚಿಮದ ಬ್ರಾಂಡುಗಳಿಗೆ ಬಟ್ಟೆ ಹೊಲಿಯುತ್ತಿದ್ದವರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ಹಿಂಪಡೆಯಲು ಹೇರಿದ್ದ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಾಗ ಕೇಂದ್ರ ಸರಕಾರ ಆ ನಿಯಮವನ್ನೇ ಹಿಂತೆಗೆದುಕೊಂಡಿತು. ಹೊರದೇಶದ ಮಾಲ್‌ನಲ್ಲಿ ನಲಿದಾಡುವ ಅಂಗಿಯ ಹಿಂದೆ ಇರುವವರು ಇವರೇ.

ಒಬ್ಬೊಬ್ಬ ಗಿರಾಕಿ ಅಂಗಡಿಯವನೊಡನೆ ಜಗಳವಾಡಿ ಗುಣಮಟ್ಟ ತರಿಸುವುದು ಕಷ್ಟ. ಆದರೆ ಕನ್ನಡ ಸಂಘಗಳು ಒಬ್ಬೊಬ್ಬ ಗಿರಾಕಿಯಲ್ಲ. ವಾರ್ಷಿಕೋತ್ಸವದಲ್ಲಿ ಮಹಿಳಾ ವಿಭಾಗದವರಿಗೆ ಒಂದೇ ಬಣ್ಣದ ಸೀರೆ, ಬಡ ವಿದ್ಯಾರ್ಥಿಗಳಿಗೆ ಸಮವಸ್ತ್ರ, ಗಣ್ಯರಿಗೆ ಶಾಲು ಎಂದು ಸಂಘಗಳು ವರ್ಷವಿಡೀ ಬಟ್ಟೆ ಕೊಳ್ಳುತ್ತಲೇ ಇರುತ್ತವೆ. ಡಜನ್ ಲೆಕ್ಕದಲ್ಲಿ ಬರುವ ಆ ತೆಳು ಜರಿಯ ಶಾಲನ್ನು ಸನ್ಮಾನಿತರು ವೇದಿಕೆಯಿಂದ ಇಳಿದ ಮೇಲೆ ಎಂದಾದರೂ ಹೊದ್ದುಕೊಂಡದ್ದುಂಟೇ? ಹೆಚ್ಚೆಂದರೆ ಅದು ಇನ್ನೊಂದು ಸಮಾರಂಭದಲ್ಲಿ ಇನ್ನೊಬ್ಬರ ಹೆಗಲೇರುತ್ತದೆ.

ರಫ್ತಿನ ಖರೀದಿದಾರ ಹಾಕುವ ಷರತ್ತನ್ನು ಸಂಘಗಳೂ ಹಾಕಬಹುದು. ಮಾದರಿಯನ್ನು ಮೊದಲು ತರಿಸಿ ಒಗೆದು ನೋಡಬಹುದು, ರೇಷ್ಮೆಯಾದರೆ ಸಿಲ್ಕ್ ಮಾರ್ಕ್, ಕೈಮಗ್ಗವಾದರೆ ಹ್ಯಾಂಡ್‌ಲೂಮ್ ಮಾರ್ಕ್ ಕೇಳಬಹುದು. ಕರಾವಳಿಯವರಿಗೆ ಹತ್ತಿರದ ಉದಾಹರಣೆ ಉಡುಪಿ ಸೀರೆ. 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಹತ್ತಿ ಸೀರೆ ಮುಂಬಯಿಯ ಸೆಕೆಗೆ ಹೇಳಿ ಮಾಡಿಸಿದಂತಿದೆ. ಕಿನ್ನಿಗೋಳಿ ಬಳಿಯ ತಾಳಿಪಾಡಿಯ ನೇಕಾರರು ಅದನ್ನು ಇಂದಿಗೂ ನೇಯುತ್ತಿದ್ದಾರೆ, ಅವರಿಗೆ ಬೇಕಾದದ್ದು ನೆಚ್ಚಿಕೊಳ್ಳಬಹುದಾದ ಆರ್ಡರ್. ಉತ್ತರ ಕರ್ನಾಟಕದವರಿಗೆ ಇಳಕಲ್ಲು ಸೀರೆ, ಮರಾಠಿಗರೂ ಮೆಚ್ಚುವ ಗುಳೇದಗುಡ್ಡದ ಖಣ ಇವೆ. ಕೈಮಗ್ಗದಲ್ಲಿ ಒಂದು ಸೀರೆಗೆ ದಿನಗಳೇ ಹಿಡಿಯುತ್ತವೆ, ಆದ್ದರಿಂದ ನವೆಂಬರಿನ ರಾಜ್ಯೋತ್ಸವಕ್ಕೆ ಐವತ್ತು ಸೀರೆ ಬೇಕಿದ್ದರೆ ಅಕ್ಟೋಬರಿನಲ್ಲಿ ಹಿಂದ್‌ಮಾತಾಕ್ಕೆ ಓಡುವ ಬದಲು ಮಳೆಗಾಲದ ಆರಂಭದ ಕಾರ್ಯಕಾರಿ ಸಮಿತಿ ಸಭೆಯಲ್ಲೇ ನಿರ್ಣಯ ಕೈಗೊಂಡು ಮುಂಗಡ ಕಳುಹಿಸಬೇಕಾಗುತ್ತದೆ.